ತಾಳಿಯಲ್ಲಿ ಶಿಲುಬೆ: ಹಿಂದೂ–ಕ್ರೈಸ್ತ ಮನೆಗಳ ನಾಲ್ಕು ಶತಮಾನದ ಕಥೆ

ದೇವಾಲಯದ ಉತ್ಸವವೆಂದರೆ ಊರಿಗೆ ಬಂಧುಗಳು ಬರುವ ಕಾಲ. ಹೆಣ್ಣು ಕೊಟ್ಟವರು, ಹೆಣ್ಣು ತಂದವರು, ದುಡಿಮೆಗಾಗಿ ಮೈಸೂರು, ಬೆಂಗಳೂರು, ಕೊಯಮತ್ತೂರು, ತಿರುಪ್ಪೂರುಗಳಿಗೆ ಹೋಗಿ ನೆಲೆಸಿದವರು ತೇರಿನ ದಿನಕ್ಕೆ ಮರಳಿ ಬರುತ್ತಾರೆ. ಹೀಗೆ ಬರುವ ನೆಂಟರಲ್ಲಿ ಕ್ರೈಸ್ತ ಮನೆತನದ ಸೊಸೆಯೋ ಅಳಿಯನೋ ಇರುವುದು ಈಗ ತೀರಾ ಅಪರೂಪವಲ್ಲ. ಆಗ ಮನೆಯ ಹಿರಿಯರ ಮನಸ್ಸಿನಲ್ಲಿ ಹೇಳಲಾಗದ ಕೆಲವು ಪ್ರಶ್ನೆಗಳು ಏಳುತ್ತವೆ. ಆ ಹುಡುಗಿಯ ಕೊರಳಲ್ಲಿರುವುದು ತಾಳಿಯೇ? ಆಕೆ ಹಣೆಗೆ ಕುಂಕುಮ ಇಟ್ಟುಕೊಳ್ಳಬಹುದೇ? ಹುಟ್ಟುವ ಮಗು ಯಾರ ಪಾಲಿನದು? ಅಜ್ಜನ ಹೊಲದಲ್ಲಿ ಅದಕ್ಕೆ ಹಕ್ಕಿದೆಯೇ? ಇವು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆಗಳೆಂದು ಅನೇಕರು ಭಾವಿಸಿದ್ದಾರೆ. ಆದರೆ ಕನ್ನಡ ನಾಡಿನಲ್ಲಿಯೂ ಅದರ ಗಡಿಯ ಸೀಮೆಗಳಲ್ಲಿಯೂ ಇವಕ್ಕೆ ಸುಮಾರು 400 ವರ್ಷಗಳ ಚರಿತ್ರೆಯಿದೆ. ರೋಮಿನ ಪೋಪರಿಂದ ಹಿಡಿದು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಈ ಪ್ರಶ್ನೆಗಳು ಹೋಗಿ ಬಂದಿವೆ.

ಪಣಕಹಳ್ಳಿಯೇ ಮೊದಲಾದ ತಾಳವಾಡಿ ಬೆಟ್ಟದ ಊರುಗಳವರಿಗೆ ಒಂದು ಮನೆಯಲ್ಲಿ ಎರಡು ಸಂಪ್ರದಾಯ ಎಂಬುದು ಅಪರಿಚಿತ ಸಂಗತಿಯೇನಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಕನ್ನಡವಾಡುವ ತಾಳವಾಡಿ ಸೀಮೆ ಮಾತ್ರ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾಯಿತು. ಸರ್ಕಾರದ ಕಾಗದ ತಮಿಳಿನಲ್ಲಿ, ಮನೆಮಾತು ಕನ್ನಡದಲ್ಲಿ, ಸಂತೆಯ ಮಾತು ಎರಡರಲ್ಲಿಯೂ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಸಿಗುವ ಸತ್ಯಮಂಗಲವು ಹಿಂದೆ ಮಧುರೆಯ ನಾಯಕರ ಕೈಯಿಂದ ಮೈಸೂರಿನ ಒಡೆಯರ ಕೈಗೆ ಬಂದ ಊರು. ಸೈನ್ಯ, ವ್ಯಾಪಾರಿಗಳು, ಸನ್ಯಾಸಿಗಳು ಕೊಂಗುನಾಡಿನಿಂದ ಶ್ರೀರಂಗಪಟ್ಟಣದ ಕಡೆಗೆ ಹತ್ತಿ ಹೋಗುತ್ತಿದ್ದುದು ಇಂತಹ ಕಣಿವೆಗಳ ಮೂಲಕವೇ.

ಆ ಸನ್ಯಾಸಿಗಳಲ್ಲಿ ಕೆಲವರು ವಿಚಿತ್ರ ಬಗೆಯವರಾಗಿದ್ದರು. ಇಟಲಿಯಲ್ಲಿ ಹುಟ್ಟಿದ ರಾಬರ್ಟ್ ದೆ ನೊಬಿಲಿ ಎಂಬ ಜೆಸ್ವಿತ್ ಪಾದ್ರಿ 1606ರಲ್ಲಿ ಮಧುರೆಗೆ ಬಂದು ಕಾವಿ ಉಟ್ಟರು, ಮಾಂಸ ಮದ್ಯಗಳನ್ನು ಬಿಟ್ಟರು, ಹಣೆಗೆ ಗಂಧ ಹಚ್ಚಿದರು, ಸಂಸ್ಕೃತವನ್ನು ಕಲಿತರು. ಜುಟ್ಟು, ಜನಿವಾರ, ಗಂಧ, ಸ್ನಾನ ಇವೆಲ್ಲ ಮತಕ್ಕೆ ಸೇರಿದವಲ್ಲ, ಕುಲಾಚಾರಕ್ಕೆ ಸೇರಿದವು. ಕ್ರೈಸ್ತರಾದವರು ಅವನ್ನು ಉಳಿಸಿಕೊಳ್ಳಬಹುದು ಎಂಬುದು ಅವರ ವಾದ. ಸ್ವಂತ ಸಭೆಯವರಿಂದಲೇ ಅದಕ್ಕೆ ಪ್ರಬಲ ವಿರೋಧ ಬಂದಿತು. 1623ರಲ್ಲಿ ಪೋಪ್ 15ನೆಯ ಗ್ರೆಗರಿ ಅವರು ಷರತ್ತುಗಳೊಂದಿಗೆ ನೊಬಿಲಿಯವರ ಪರವಾಗಿ ಅಪ್ಪಣೆ ಕೊಟ್ಟರು. ಇದೇ ಮಾರ್ಗವನ್ನು ಹಿಡಿದು ಲಿಯೊನಾರ್ಡೊ ಚಿನ್ನಾಮಿ ಎಂಬ ಮತ್ತೊಬ್ಬ ಇಟಲಿಯ ಪಾದ್ರಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿ, ಸನ್ಯಾಸಿ ವೇಷದಲ್ಲಿ ಕನ್ನಡ ಕಲಿತು ಕನ್ನಡದಲ್ಲಿಯೇ ಬೋಧಿಸಿದರು. ಮೈಸೂರು ಮಿಷನ್ ಎಂಬುದು ಹುಟ್ಟಿದ್ದು ಹೀಗೆ.

ಪಾದ್ರಿಯ ವೇಷಕ್ಕಿಂತ ಮನೆಯ ಒಳಗಿನ ಆಚಾರ ಗಟ್ಟಿಯಾದದ್ದು. ಕ್ರೈಸ್ತರಾದ ಕುಟುಂಬಗಳಲ್ಲಿ ಅತ್ತೆ, ಸೋದರಮಾವ, ಬೀಗರು ಎಲ್ಲರೂ ಒಮ್ಮೆಗೇ ಮತ ಬದಲಿಸುತ್ತಿರಲಿಲ್ಲ. ಅಣ್ಣ ಇಗರ್ಜಿಗೆ ಹೋದರೆ ತಮ್ಮ ಗುಡಿಗೆ ಹೋಗುತ್ತಿದ್ದ. ಮದುವೆ, ಮೈನೆರೆತ, ಸಾವು ಬಂದಾಗ ಎಲ್ಲರೂ ಒಂದೇ ಚಪ್ಪರದ ಕೆಳಗೆ ಸೇರಲೇಬೇಕಿತ್ತು. ಆ ಚಪ್ಪರದಲ್ಲಿ ಏನೇನು ನಡೆಯುತ್ತಿತ್ತು ಎಂಬುದಕ್ಕೆ ಅತ್ಯುತ್ತಮ ದಾಖಲೆ ದೊರಕುವುದು ಅದನ್ನು ನಿಲ್ಲಿಸಲು ಹೊರಟವರ ಕೈಬರಹದಲ್ಲಿಯೇ ಎಂಬುದು ಚರಿತ್ರೆಯ ಒಂದು ತಮಾಷೆ.

ಪೋಪರ ಪ್ರತಿನಿಧಿಯಾಗಿ ಶಾರ್ಲ್ ದೆ ತುರ್ನೋ ಎಂಬ ಧರ್ಮಾಧಿಕಾರಿ 1703ರ ನವೆಂಬರಿನಲ್ಲಿ ಪಾಂಡಿಚೇರಿಗೆ ಬಂದಿಳಿದರು. ಎಂಟು ತಿಂಗಳು ಕಳೆಯುವುದರೊಳಗೆ, 1704ರಲ್ಲಿ, ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವ 16 ಅಂಶಗಳ ಒಂದು ಕಟ್ಟಾಜ್ಞೆಯನ್ನು ಹೊರಡಿಸಿದರು. ಅದನ್ನು ಓದಿದರೆ ಒಂದು ಕ್ರೈಸ್ತ ಮನೆಯ ಮದುವೆಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ವಧುವಿನ ಕೊರಳಿನ ತಾಳಿಯಲ್ಲಿ ಪಿಳ್ಳೆಯಾರ್, ಎಂದರೆ ವಿನಾಯಕನ ರೂಪ ಇರಕೂಡದು. ಬೇಕಾದರೆ ಶಿಲುಬೆಯನ್ನೋ ಮರಿಯಮ್ಮನವರ ಚಿತ್ರವನ್ನೋ ಹಾಕಿಕೊಳ್ಳಬಹುದು. ತಾಳಿಯ ದಾರ 108 ಎಳೆಗಳದ್ದಾಗಿರಬಾರದು, ಅದಕ್ಕೆ ಅರಿಶಿನ ಬಳಿಯಬಾರದು. ಚಪ್ಪರದಲ್ಲಿ ಅರಳಿ ಕೊಂಬೆ ನೆಡಬಾರದು. ಶಕುನ ನೋಡಲೆಂದು ತೆಂಗಿನಕಾಯಿ ಒಡೆಯಬಾರದು. ಹೆಣ್ಣುಮಗಳು ಮೈನೆರೆದಾಗ ಬಂಧುಗಳನ್ನು ಕರೆದು ಹಬ್ಬ ಮಾಡಬಾರದು. ಹಣೆಗೆ ವಿಭೂತಿ ಧರಿಸಬಾರದು. ಎಲ್ಲಕ್ಕಿಂತ ಸ್ವಾರಸ್ಯವಾದುದೆಂದರೆ, ಕ್ರೈಸ್ತ ವಾದ್ಯಗಾರರು ದೇವಸ್ಥಾನದ ಉತ್ಸವಗಳಲ್ಲಿ ವಾದ್ಯ ನುಡಿಸಬಾರದು ಎಂಬ ಅಂಶ.

ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. 300 ವರ್ಷಗಳ ಹಿಂದೆ ಈ ಸೀಮೆಗಳ ದೇವರ ಉತ್ಸವದಲ್ಲಿ ವಾದ್ಯ ಹಿಡಿದವರಲ್ಲಿ ಕ್ರೈಸ್ತರೂ ಇದ್ದರು, ಅವರನ್ನು ಕರೆಸುವವರೂ ಇದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಆ ಆಜ್ಞೆಯಲ್ಲಿ ಇನ್ನೊಂದು ಅಂಶವಿದೆ. ದೀಕ್ಷಾಸ್ನಾನದ ವಿಧಿಯಲ್ಲಿ ಪಾದ್ರಿಯು ತನ್ನ ಉಗುಳಿನಿಂದ ಮಗುವಿನ ಕಿವಿ ಮೂಗುಗಳನ್ನು ಮುಟ್ಟುವುದು ಅಂದಿನ ರೋಮಿನ ಕ್ರಮ. ಈ ದೇಶದಲ್ಲಿ ಎಂಜಲೆಂದರೆ ಏನು ಭಾವನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆಸ್ವಿತರು ಸದ್ದಿಲ್ಲದೆ ಅದನ್ನು ಬಿಟ್ಟುಬಿಟ್ಟಿದ್ದರು. ತುರ್ನೋ ಅವರು ಬಿಡಕೂಡದೆಂದರು. ಒಂದು ಹನಿ ಉಗುಳಿಗಾಗಿ ದಶಕಗಳ ಕಾಲ ರೋಮಿಗೂ ದಕ್ಷಿಣ ಭಾರತಕ್ಕೂ ಪತ್ರವ್ಯವಹಾರ ನಡೆಯಿತು. ನಂತರದ ಪೋಪರು ಕೆಲಕಾಲಕ್ಕೆ ವಿನಾಯಿತಿ ಕೊಟ್ಟರು. ಕೊನೆಗೆ 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟರು ಬಹುಪಾಲು ನಿಷೇಧಗಳನ್ನು ಸ್ಥಿರಪಡಿಸಿದರು. ಇಲ್ಲಿಗೆ ಬರುವ ಪಾದ್ರಿಗಳೆಲ್ಲ ಇವನ್ನು ಪಾಲಿಸುವುದಾಗಿ ಪ್ರಮಾಣ ಮಾಡಬೇಕಾಗಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ!

ಪ್ರಮಾಣ ಮಾಡಿದವರು ಪಾದ್ರಿಗಳು, ಮನೆಯ ಹೆಂಗಸರಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿ, ಜನರಿಂದ ‘ದೊಡ್ಡಸ್ವಾಮಿಯವರು’ ಎಂದು ಕರೆಸಿಕೊಂಡ ಫ್ರಾನ್ಸಿನ ಅಬ್ಬೆ ದ್ಯುಬುವಾ ಅವರು ಕಂಡದ್ದು ಇದನ್ನೇ. ಅವರು ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿಯೂ ಹೆಸರಾದವರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಲ್ಲಿನ ಕ್ರೈಸ್ತರ ಮೆರವಣಿಗೆಗಳು ತಮಟೆ, ಕಹಳೆ, ಬಾಣಬಿರುಸುಗಳೊಂದಿಗೆ ಹಿಂದೂ ಉತ್ಸವಗಳಂತೆಯೇ ನಡೆಯುತ್ತವೆಂದು ಅವರು ಬೇಸರದಿಂದ ಬರೆದಿದ್ದಾರೆ. ಅವರಿಗೆ ಅದು ಅವಮಾನವಾಗಿ ಕಂಡಿತು. ತೇರಿಲ್ಲದೆ ಹಬ್ಬವಿಲ್ಲ ಎಂದು ಬೆಳೆದವರಿಗೆ ಅದರಲ್ಲಿ ಅವಮಾನವೇನೂ ಕಾಣಿಸದಿದ್ದುದು ಸಹಜ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮರಿಯಮ್ಮನವರಿಗೆ ಸೀರೆ ಉಡಿಸಿ ತೇರಿನಲ್ಲಿ ಮೆರೆಸುವುದನ್ನು ಇಂದಿಗೂ ನೋಡಬಹುದು. ಹರಕೆ ಹೊತ್ತು ಅಲ್ಲಿಗೆ ಹೋಗುವವರಲ್ಲಿ ಹಿಂದೂ ತಾಯಂದಿರು ಬಹಳ.

ಕರಾವಳಿಯ ಕಥೆ ಬೇರೆ ದಿಕ್ಕಿನಿಂದ ಬಂದದ್ದಾದರೂ ಮನೆಯೊಳಗೆ ಬಂದಾಗ ಒಂದೇ ಆಗುತ್ತದೆ. ಗೋವೆಯಲ್ಲಿ 1736ರ ಧರ್ಮವಿಚಾರಣೆಯ ಆಜ್ಞೆಯು ಕ್ರೈಸ್ತರ ಮನೆಯಂಗಳದ ತುಳಸಿಯನ್ನೂ ನಿಷೇಧಿಸಿತು. ಗೋವೆಯಿಂದ ಹಲವು ಅಲೆಗಳಲ್ಲಿ ತೆಂಕಣಕ್ಕೆ ಬಂದ ಕೊಂಕಣಿ ಕ್ರೈಸ್ತರು ಮಂಗಳೂರಿನ ಸುತ್ತ ನೆಲೆಸಿ, ತಮಗೆ ಬೇಕಾದುದನ್ನು ಉಳಿಸಿಕೊಂಡರು. ಮದುವೆಯ ಹಿಂದಿನ ದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’, ವಧುವಿಗೆ ‘ಸಾಡೊ’ ಎಂಬ ಕೆಂಪು ಸೀರೆ, ಕೊರಳಿಗೆ ಕರಿಮಣಿ ಇವು ಇಂದಿಗೂ ಉಳಿದಿವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು, ಆ ಹೊಸ ಅಕ್ಕಿಯ ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅಂದಿನ ಊಟ ಬರೀ ತರಕಾರಿಯದು. ಕೊಡಗಿನ ಹುತ್ತರಿಯನ್ನೂ ತುಳುವರ ಕುರಲ್ ಕಟ್ಟುವುದನ್ನೂ ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ.

ಇಷ್ಟು ಸುಲಭವಾಗಿ ಕೂಡಿಬಾರದ ಮನೆಗಳೂ ಇದ್ದವು. ಅವನ್ನು ಮರೆತು ಬರೆದರೆ ಚರಿತ್ರೆ ಸುಳ್ಳಾಗುತ್ತದೆ. ಕೊಡಗಿನ ಕೊನೆಯ ದೊರೆ, ಲಿಂಗಾಯತನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿಯಲ್ಲಿದ್ದವನು, 1852ರಲ್ಲಿ ಎಳೆಯ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ವರ್ಷ ಜೂನ್ 30ರಂದು ಆಕೆಗೆ ದೀಕ್ಷಾಸ್ನಾನವಾಯಿತು. ರಾಣಿ ವಿಕ್ಟೋರಿಯಾ ಅವರೇ ಧರ್ಮಮಾತೆಯಾಗಿ ತಮ್ಮ ಹೆಸರನ್ನು ಕೊಟ್ಟರು. ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ತನ್ನ ಹಣ ಮರಳಿ ದೊರೆಯಲೆಂಬ ಆಸೆಯೂ ತಂದೆಗಿತ್ತು. ಹಣ ಬರಲಿಲ್ಲ. ಮಗಳನ್ನು ಇಂಗ್ಲಿಷ್ ಕುಟುಂಬಗಳ ವಶದಲ್ಲಿ ಬೆಳೆಸಲಾಯಿತು. ದೊರೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಗೌರಮ್ಮ 1860ರಲ್ಲಿ ಕರ್ನಲ್ ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಬಿಟ್ಟು 1864ರಲ್ಲಿ ಕಣ್ಣುಮುಚ್ಚಿದಳು. ಎರಡು ಸಂಪ್ರದಾಯ ಅಲ್ಲಿ ಬೆರೆಯಲಿಲ್ಲ. ಒಂದರ ಕೈಯಿಂದ ಮತ್ತೊಂದು ಮಗುವನ್ನು ಕಿತ್ತುಕೊಂಡಿತು ಎನ್ನುವುದೇ ಸರಿ.

ಮಂಗಳೂರಿನ ಸಾರಸ್ವತ ಕುಲದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರಿಂದ ದೀಕ್ಷೆ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗ್ ಅವರೇ ಇವರು. ಕೌಂಡಿನ್ಯರು ಆಗಲೇ ವಿವಾಹಿತರು. ಅವರು ಇಗರ್ಜಿಯ ಕಡೆಗೆ ಹೊರಟ ದಿನ ಪತ್ನಿ ಜೊತೆಯಲ್ಲಿ ಬರಲಿಲ್ಲ. ಅಂದಿನ ಬಂಧುಗಳ ದೃಷ್ಟಿಯಲ್ಲಿ ಗಂಡ ಬದುಕಿದ್ದಂತೆಯೇ ಇಲ್ಲವಾಗಿದ್ದ. ಹೀಗೆ ಒಬ್ಬರು ಹೋಗಿ ಒಬ್ಬರು ಉಳಿದ ದಾಂಪತ್ಯಗಳು ದೇಶದಲ್ಲಿ ಎಷ್ಟಾದವೆಂದರೆ, 1866ರಲ್ಲಿ ಸರ್ಕಾರ ಅದಕ್ಕಾಗಿಯೇ ಒಂದು ಕಾಯ್ದೆ ಮಾಡಬೇಕಾಯಿತು. ಸಂಗಾತಿ ಮತಾಂತರದ ಕಾರಣದಿಂದ ಆರು ತಿಂಗಳು ದೂರವಿದ್ದರೆ ಕ್ರೈಸ್ತನಾದವನು ನ್ಯಾಯಾಲಯಕ್ಕೆ ಹೋಗಬಹುದಿತ್ತು. ನ್ಯಾಯಾಧೀಶರು ಸಂಗಾತಿಯನ್ನು ಕಂಡು ಮಾತನಾಡಿ, ಯೋಚಿಸಲು ಒಂದು ವರ್ಷದ ಗಡುವು ಕೊಟ್ಟು, ಆಮೇಲೂ ಮನಸ್ಸು ಬದಲಾಗದಿದ್ದರೆ ಮದುವೆಯನ್ನು ಬಿಡಿಸುತ್ತಿದ್ದರು. ಆ ಒಂದು ವರ್ಷದ ಗಡುವಿನಲ್ಲಿ ಎಷ್ಟು ಹೆಣ್ಣುಮಕ್ಕಳು ಎಷ್ಟು ಕಣ್ಣೀರು ಹಾಕಿದರೋ, ಅದಕ್ಕೆ ಲೆಕ್ಕವಿಲ್ಲ.

ಇನ್ನು ಆಸ್ತಿಯ ಮಾತು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ಮತ ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲಿರಲಿಲ್ಲ. 1850ರ 21ನೆಯ ಕಾಯ್ದೆ ಅದನ್ನು ಬದಲಿಸಿ, ಜಾತಿ ಅಥವಾ ಮತ ಬಿಟ್ಟ ಕಾರಣಕ್ಕೆ ಯಾರ ಹಕ್ಕೂ ಹೋಗದು ಎಂದು ವಿಧಿಸಿತು. ಇದಕ್ಕೆ ಅಂದಿನ ಹಿಂದೂ ಸಮಾಜದಿಂದ ಬಲವಾದ ಆಕ್ಷೇಪ ಬಂದಿತ್ತು. ಆದರೆ ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಎದ್ದದ್ದು ಬಳ್ಳಾರಿಯಲ್ಲಿ. ಮತ ಬಿಟ್ಟವನು ಹಿಂದೂ ಅವಿಭಕ್ತ ಕುಟುಂಬದ ಕ್ರಮವನ್ನೂ ಬಿಟ್ಟಂತೆಯೇ?

ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಂ ಕ್ರೈಸ್ತನಾದ ತಮಿಳು ಮೂಲದ ಕುಟುಂಬದವರು. ದಂಡಿನ ಊರಾದ ಬಳ್ಳಾರಿಯಲ್ಲಿ ಅಂಗಡಿ, ಸಾರಾಯಿ ಭಟ್ಟಿಗಳಿಂದ ಬಡತನ ದಾಟಿ ದೊಡ್ಡ ಸಾಹುಕಾರರಾದರು. ಹೆಂಡತಿ ಶಾರ್ಲೆಟ್ ಯುರೋಪಿಯನ್ ಮಿಶ್ರವಂಶದಾಕೆ. ಮನೆಯಲ್ಲಿ ಇಂಗ್ಲಿಷ್ ಉಡುಪು, ಇಂಗ್ಲಿಷ್ ಊಟ. ತಮ್ಮ ಫ್ರಾನ್ಸಿಸ್ ಅಣ್ಣನ ವ್ಯಾಪಾರದಲ್ಲಿ ಜೊತೆಗಿದ್ದವರು. 1842ರಲ್ಲಿ ಮ್ಯಾಥ್ಯೂ ಮರಣಪತ್ರ ಬರೆಯದೆ ತೀರಿಕೊಂಡರು. ಕೆಲವು ವರ್ಷ ಹೇಗೋ ನಡೆಯಿತು. ಆಮೇಲೆ ಅತ್ತಿಗೆಗೂ ಮೈದುನನಿಗೂ ವ್ಯಾಜ್ಯ ಹತ್ತಿತು. ಅಣ್ಣತಮ್ಮಂದಿರು ಕೂಡಿ ದುಡಿದದ್ದು, ಇದು ಅವಿಭಕ್ತ ಕುಟುಂಬ, ಅರ್ಧ ತನ್ನದು ಎಂಬುದು ಮೈದುನನ ವಾದ. ತಾವು ಹಿಂದೂಗಳಲ್ಲ, ಗಂಡನ ಆಸ್ತಿ ಹೆಂಡತಿ ಮಕ್ಕಳದು ಎಂಬುದು ಅತ್ತಿಗೆಯ ವಾದ. ಬಳ್ಳಾರಿಯ ನ್ಯಾಯಾಲಯದಲ್ಲಿ ಅತ್ತಿಗೆ ಗೆದ್ದರು. ಮದರಾಸಿನ ಸದರ್ ಅದಾಲತ್ತಿನಲ್ಲಿ ಮೈದುನ ಗೆದ್ದರು. ಮೊಕದ್ದಮೆ ಸಮುದ್ರ ದಾಟಿತು.

1863ರಲ್ಲಿ ಪ್ರಿವಿ ಕೌನ್ಸಿಲಿನ ತೀರ್ಪನ್ನು ಲಾರ್ಡ್ ಕಿಂಗ್ಸ್‌ಡೌನ್ ಕೊಟ್ಟರು. ಕ್ರೈಸ್ತನಾದವನಿಗೆ ಹಿಂದೂ ಕಾನೂನು ತಾನಾಗಿ ಅಂಟಿಕೊಂಡು ಬರುವುದಿಲ್ಲ. ಆದರೆ ಹಳೆಯ ಮತವನ್ನು ಬಿಟ್ಟರೂ ಹಳೆಯ ಕುಟುಂಬಕ್ರಮವನ್ನು ಇಟ್ಟುಕೊಳ್ಳಲು ಅವನು ಸ್ವತಂತ್ರ. ಯಾವುದನ್ನು ಆರಿಸಿಕೊಂಡ ಎಂಬುದನ್ನು ಅವನು ಬಾಳಿದ ರೀತಿಯೇ ಹೇಳಬೇಕು ಎಂಬುದು ಅದರ ಸಾರ. ಮ್ಯಾಥ್ಯೂ ಬಾಳಿದ್ದು ಇಂಗ್ಲಿಷರಂತೆ, ಆದ್ದರಿಂದ ತಮ್ಮನಿಗೆ ದಾಯಾದಿ ಹಕ್ಕಿಲ್ಲವೆಂದಾಯಿತು. ಒಂದು ಮನೆಯ ಬಟ್ಟೆ, ಮೇಜು, ಊಟ ಇವೇ ಹೀಗೆ ಆಸ್ತಿಯ ಸಾಕ್ಷಿಗಳಾದವು. ತೀರ್ಪು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಇಂದಿಗೂ ಇದೆ. ಬೆವರು ಸುರಿಸಿ ವ್ಯಾಪಾರ ನಡೆಸಿದ ತಮ್ಮನ ಬಗೆಗೆ ಕನಿಕರ ಹುಟ್ಟದಿರುವುದು ಕಷ್ಟ.

ಈ ಆಯ್ಕೆಯ ಬಾಗಿಲು ಬಹುಬೇಗ ಮುಚ್ಚಿತು. 1865ರ ಉತ್ತರಾಧಿಕಾರ ಕಾಯ್ದೆ ಕ್ರೈಸ್ತರಿಗೆಲ್ಲ ಒಂದೇ ಕ್ರಮ ತಂದಿತು. ಹಿಂದೂ ರೀತಿಯ ಕೂಡುಕುಟುಂಬ ತಮಗಿದೆಯೆಂದು ದಕ್ಷಿಣ ಕನ್ನಡದ ಕ್ರೈಸ್ತರ ಪರವಾಗಿ ಎದ್ದ ವಾದವನ್ನು ಮದ್ರಾಸ್ ಹೈಕೋರ್ಟು 1886ರಲ್ಲಿ ಒಪ್ಪಲಿಲ್ಲ. ಆದರೂ ಎರಡು ಕಿಂಡಿಗಳು ಉಳಿದವು. ಕೊಡಗಿನ ದೇಶೀ ಕ್ರೈಸ್ತರಿಗೆ 1868ರ ಸರ್ಕಾರಿ ಪ್ರಕಟಣೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಇನ್ನೊಂದು, ಕೊಯಮತ್ತೂರಿಗೆ ಹತ್ತಿರದ ಪಾಲಕ್ಕಾಡಿನ ಚಿತ್ತೂರು ತಾಲ್ಲೂಕಿನದು. ಹಿಂದೆ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದ ಆ ಸೀಮೆಯ ತಮಿಳು ವನ್ನಿಯ ಕ್ರೈಸ್ತರು ತಲೆಮಾರುಗಳಿಂದ ಮಿತಾಕ್ಷರದಂತೆಯೇ ಪಾಲು ಹಂಚಿಕೊಂಡು ಬಂದವರು. ಅವರಿಗೆ ಮಿತಾಕ್ಷರವೇ ಅನ್ವಯ, ತಂದೆಯ ಸಾಲಕ್ಕೆ ಮಗನೂ ಹೊಣೆ ಎಂದು ಸುಪ್ರೀಂ ಕೋರ್ಟೇ 1969ರಲ್ಲಿ ಹೇಳಿತು. ಹನ್ನೊಂದನೆಯ ಶತಮಾನದ ಸುಮಾರಿಗೆ ಕಲ್ಯಾಣದ ಚಾಲುಕ್ಯರ ಆಸರೆಯಲ್ಲಿ ವಿಜ್ಞಾನೇಶ್ವರನು ಬರೆದ ಗ್ರಂಥ ಇಪ್ಪತ್ತನೆಯ ಶತಮಾನದ ಇಗರ್ಜಿಯ ಮನೆಗಳಲ್ಲಿ ಬಾಳಿತ್ತು!

ಮದುವೆಯ ಕಾನೂನಿನ ಬಗೆಗೆ ದೇವಾಲಯಕ್ಕೆ ಬರುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಹಿಂದೂ ಹುಡುಗಿ, ಕ್ರೈಸ್ತ ಹುಡುಗ, ಅಥವಾ ಇದಕ್ಕೆ ತಿರುಗಾಮುರುಗಾ, ಗುಡಿಯಲ್ಲಿ ದೇವರ ಮುಂದೆ ತಾಳಿ ಕಟ್ಟಿಬಿಟ್ಟರೆ ಮದುವೆಯಾಯಿತೆಂದು ನಂಬುವವರಿದ್ದಾರೆ. ಆಂಧ್ರದಲ್ಲಿ 1996ರಲ್ಲಿ ಹಾಗೆಯೇ ಗುಡಿಯಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಂತೆ ನೋಂದಣಿಯೂ ಆದ ಒಂದು ಮದುವೆಯನ್ನು, 2008ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಸಿಂಧುವೆಂದಿತು. 1955ರ ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಮತ ಬದಲಿಸದೆ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೋ 1872ರ ಕ್ರೈಸ್ತ ವಿವಾಹ ಕಾಯ್ದೆಯೋ ದಾರಿ. ವಿಶೇಷ ವಿವಾಹಕ್ಕೆ 30 ದಿನಗಳ ಮುಂಗಡ ನೋಟೀಸು ಬೇಕು. ಅವಿಭಕ್ತ ಕುಟುಂಬದ ಹಿಂದೂ ಯುವಕನು ಅದರಡಿ ಕ್ರೈಸ್ತ ಯುವತಿಯನ್ನು ಮದುವೆಯಾದರೆ ಕುಟುಂಬದಿಂದ ಬೇರೆಯಾದನೆಂದೇ ಲೆಕ್ಕ. ಪಾಲು ಹೋಗುವುದಿಲ್ಲ, ಆದರೆ ಕೂಡಿರುವಿಕೆ ಮುಗಿಯುತ್ತದೆ. ಇದನ್ನು ಅರಿಯದೆ ಆಮೇಲೆ ತೊಂದರೆಗೊಳಗಾಗುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳೇ. ಆದ್ದರಿಂದ ಗುಡಿಯ ಆಶೀರ್ವಾದಕ್ಕೆ ಬರುವ ಮೊದಲು ರಿಜಿಸ್ಟ್ರಾರ್ ಕಚೇರಿಯ ಕಡೆ ಹೋಗಿ ಬನ್ನಿರೆಂದು ಹೇಳುವ ಹಿರಿಯರು ಒಳ್ಳೆಯದನ್ನೇ ಹೇಳುತ್ತಾರೆ.

ಮಕ್ಕಳ ವಿಷಯದಲ್ಲಿ ಕೆಥೊಲಿಕ್ ಸಭೆಯ ಬಿಗಿ ಮೊದಲಿನಷ್ಟಿಲ್ಲ. 1917ರ ಧರ್ಮಸಂಹಿತೆಯಂತೆ ಮಕ್ಕಳನ್ನೆಲ್ಲ ಕೆಥೊಲಿಕರಾಗಿಯೇ ಬೆಳೆಸುವ ವಾಗ್ದಾನವನ್ನು ಇಬ್ಬರೂ ಕೊಡಬೇಕಿತ್ತು. 1970ರಿಂದ ಕೆಥೊಲಿಕ್ ಸಂಗಾತಿ ಮಾತ್ರ, ಕೈಲಾದಷ್ಟು ಮಾಡುವೆನೆಂದು, ಮಾತು ಕೊಡಬೇಕು. ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು. ಬಿಷಪ್ಪರ ಅನುಮತಿ ಮಾತ್ರ ಈಗಲೂ ಬೇಕು. ಹಾಗಿದ್ದರೂ ಹೆಸರಿಡುವ ದಿನ ಬಂದಾಗ ಎರಡೂ ಕಡೆಯ ಅಜ್ಜಿಯರ ನಡುವೆ ನಡೆಯುವ ಮೌನಯುದ್ಧವನ್ನು ಯಾವ ಸಂಹಿತೆಯೂ ತೀರಿಸಲಾರದು.

ಮೈಸೂರಿನ ಅರಮನೆ ಈ ವಿಷಯದಲ್ಲಿ ಉದಾರವಾಗಿ ನಡೆದುಕೊಂಡಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಕ್ರೈಸ್ತರಾದ ತಂಬೂಚೆಟ್ಟಿ ಮನೆತನದವರು ದಸರೆಯ ದರ್ಬಾರಿನ ಸಂಸ್ಥಾನದಲ್ಲಿ ಉನ್ನತ ಅಧಿಕಾರದಲ್ಲಿದ್ದರು. ಅವರಲ್ಲೊಬ್ಬರು 1926ರಲ್ಲಿ ಸಂತ ಫಿಲೋಮಿನಳ ಪವಿತ್ರಾವಶೇಷವನ್ನು ತರಿಸಿದರು; ಆಕೆಯ ಹೆಸರಿನ ಇಗರ್ಜಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಚಾಮುಂಡೇಶ್ವರಿಯ ಪರಮ ಭಕ್ತರು.

ಇಗರ್ಜಿಯೂ ಕಾಲಕ್ರಮದಲ್ಲಿ ತಿರುಗಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕೆಥೊಲಿಕ್ ಕೇಂದ್ರವು ಭಾರತೀಯ ರೀತಿಯ ಆರಾಧನೆಯ ಪರವಾಗಿ ದುಡಿಯಿತು. 1969ರ ಏಪ್ರಿಲಿನಲ್ಲಿ ರೋಮು 12 ಅಂಶಗಳಿಗೆ ಒಪ್ಪಿಗೆ ಕೊಟ್ಟಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆಯ ದೀಪ, ಹೂವು, ಧೂಪಗಳ ಆರತಿ ಇವೆಲ್ಲ ಅದರಲ್ಲಿ ಸೇರಿವೆ. ತುರ್ನೋ ಅವರ ಆಜ್ಞೆಗೂ ಇದಕ್ಕೂ ನಡುವೆ 265 ವರ್ಷ. ಇದು ತಮ್ಮದನ್ನು ಎರವಲು ಪಡೆದಂತೆ ಎಂದು ಆಕ್ಷೇಪಿಸಿದ ಹಿಂದೂಗಳೂ ಇದ್ದರು, ನಮಗೇಕೆ ಇದು ಎಂದು ಮುನಿದ ಕ್ರೈಸ್ತರೂ ಇದ್ದರು.

ತಾಳಿಗೆ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಕಾವೇರಿಯ ಆಚೆಗೂ ಈಚೆಗೂ ಅನೇಕ ಕ್ರೈಸ್ತ ಮದುವೆಗಳಲ್ಲಿ ಉಂಗುರದ ಜೊತೆಗೆ ತಾಳಿಯನ್ನೂ ತಟ್ಟೆಯಲ್ಲಿಟ್ಟು ಪೀಠದ ಮುಂದೆ ತರುತ್ತಾರೆ, ಪಾದ್ರಿಗಳು ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಾರೆ, ವರನು ಕಟ್ಟುತ್ತಾನೆ. ವಿನಾಯಕನಿದ್ದ ಜಾಗದಲ್ಲಿ ಶಿಲುಬೆಯೋ ಪಾರಿವಾಳವೋ ಇರುತ್ತದೆ. ದಾರ ಎಷ್ಟೋ ಮನೆಗಳಲ್ಲಿ ಇಂದಿಗೂ ಅರಿಶಿನ ಬಳಿದದ್ದೇ.